ವಜ್ರಬೆನ್ನಿನ ಪತಂಗವೂ ಸಾಸಿವೆ ಬಳಗದ ಗಿಡಗಳೂ

ಎಲೆಕೋಸಿನ ಹೊರ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಕೆಲವೊಮ್ಮೆ ಅಲ್ಲಲ್ಲಿ ಬೆಳಕು ಹಾಯುವ ಪುಟ್ಟ ಕಲೆಗಳು ಕಾಣುತ್ತವೆ. ಅವು ತೂತುಗಳಲ್ಲ. ಎಲೆಯ ಅಡಿಭಾಗದಿಂದ ಹಸಿರನ್ನೆಲ್ಲ ಕೆರೆದು ತಿಂದ ಮರಿಹುಳವೊಂದು ಮೇಲಿನ ತೆಳುಪೊರೆಯನ್ನು ಮಾತ್ರ ಬಿಟ್ಟು ಮುಂದೆ ಸಾಗಿರುತ್ತದೆ. ಎಲೆಯನ್ನು ಮಗುಚಿದರೆ ತಿಳಿಹಸಿರು ಬಣ್ಣದ, ಎರಡೂ ತುದಿ ಚೂಪಾದ, ಪೂರ್ತಿ ಬೆಳೆದಾಗಲೂ ಒಂದು ಸೆಂಟಿಮೀಟರನ್ನು ಸ್ವಲ್ಪವೇ ಮೀರುವ ಆ ಹುಳು ಸಿಕ್ಕೀತು. ಮುಟ್ಟಿದ ಕೂಡಲೇ ಅದು ಮೈಯನ್ನು ರಭಸದಿಂದ ಕೊಂಕಿಸುತ್ತ ಹಿಂದಕ್ಕೆ ಸರಿಯುತ್ತದೆ. ಮತ್ತೂ ಕೆಣಕಿದರೆ ಬಾಯಿಂದ ನೂಲು ಬಿಟ್ಟುಕೊಂಡು ಎಲೆಯ ಅಂಚಿನಿಂದ ಕೆಳಕ್ಕೆ ಜಾರಿ ತೂಗಾಡುತ್ತದೆ, ಗದ್ದಲ ಅಡಗಿದ ಮೇಲೆ ಅದೇ ನೂಲನ್ನು ಹಿಡಿದು ಮೇಲೇರುತ್ತದೆ. ಈ ಹುಳು ರೆಕ್ಕೆ ಮೂಡಿದ ಮೇಲೆ ಆಗುವ ವಜ್ರಬೆನ್ನಿನ ಪತಂಗವೇ ಇಂದಿನ ಉಪನ್ಯಾಸದ ವಿಷಯ. ವಿಜ್ಞಾನದಲ್ಲಿ ಇದರ ಹೆಸರು ಪ್ಲುಟೆಲ್ಲಾ ಕ್ಸೈಲೊಸ್ಟೆಲ್ಲಾ.

ಪತಂಗ ನೋಡಲು ತೀರ ಸಾಧಾರಣ. ರೆಕ್ಕೆ ಬಿಚ್ಚಿದರೆ ಒಂದೂವರೆ ಸೆಂಟಿಮೀಟರಿನಷ್ಟು ಅಗಲ, ಬೂದುಗಂದು ಬಣ್ಣ. ರೆಕ್ಕೆ ಮಡಚಿ ಕುಳಿತಾಗ ಎರಡು ರೆಕ್ಕೆಗಳ ಅಂಕುಡೊಂಕಾದ ತಿಳಿ ಅಂಚುಗಳು ಬೆನ್ನಿನ ನಡುವೆ ಕೂಡಿಕೊಂಡು ಮೂರು ವಜ್ರಾಕೃತಿಗಳ ಸಾಲು ಮೂಡುತ್ತದೆ. ಮೀಸೆಗಳನ್ನು ನೇರವಾಗಿ ಮುಂದಕ್ಕೆ ಚಾಚಿ ಕೂರುವುದು ಇದರ ಇನ್ನೊಂದು ಗುರುತು. ಕಾರ್ಲ್ ಲಿನೇಯಸ್ 1758ರಲ್ಲೇ ಇದನ್ನು ವರ್ಣಿಸಿದ್ದಾನೆ. ಆಮೇಲೆ ಇದರ ಬಗ್ಗೆ ಬಂದ ಬರಹಗಳಲ್ಲಿ ಬಹುಪಾಲು ಇದನ್ನು ಪೀಡೆಯೆಂದೇ ಕಂಡಿವೆ. ಅದಕ್ಕೆ ಕಾರಣವೂ ಇದೆ: ಬೆಳೆನಷ್ಟ ಮತ್ತು ಹತೋಟಿಯ ಖರ್ಚು ಎರಡೂ ಸೇರಿ ಜಗತ್ತಿನಾದ್ಯಂತ ವರ್ಷಕ್ಕೆ 400ರಿಂದ 500 ಕೋಟಿ ಅಮೆರಿಕನ್ ಡಾಲರ್ ಎಂದು ಅಂದಾಜು ಮಾಡಲಾಗಿದೆ. ಆದರೂ ನಷ್ಟದ ಲೆಕ್ಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಇದನ್ನು ಒಂದು ಗಿಡಬಳಗದ ಜೊತೆ ಬದುಕು ಕಟ್ಟಿಕೊಂಡ ಜೀವಿಯಾಗಿ ನೋಡೋಣ ಎಂಬುದು ನನ್ನ ಕೋರಿಕೆ. ಎಲೆಕೋಸಿನ ಸಾಲುಗಳನ್ನಷ್ಟೇ ನೋಡಿದವರಿಗೆ ಈ ಪತಂಗ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧ ಇರುವುದು ಹೊಲದ ಅಂಚಿನಲ್ಲಿ ತಾನಾಗಿ ಬೆಳೆಯುವ ಸಾಸಿವೆ ಬಳಗದ ಕಾಡುಗಿಡಗಳಲ್ಲಿ ಮತ್ತು ಆ ಗಿಡಗಳಿಗೆ ಬಂದುಹೋಗುವ ಪುಟ್ಟ ಕಣಜಗಳಲ್ಲಿ.

ಮೊದಲು ಜೀವನಚಕ್ರವನ್ನು ಚುಟುಕಾಗಿ ಹೇಳುತ್ತೇನೆ. ಹೆಣ್ಣು ಪತಂಗ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ಹಳದಿ ಮೊಟ್ಟೆಗಳನ್ನು ಒಂಟಿಯಾಗಿಯೋ ಸಣ್ಣ ಗುಂಪುಗಳಲ್ಲಿಯೋ ಎಲೆಯ ನರಗಳ ಪಕ್ಕದ ತಗ್ಗುಗಳಲ್ಲಿ ಇಡುತ್ತದೆ. ಮೊಟ್ಟೆಯೊಡೆದ ಹುಳು ಮೊದಲ ಹಂತದಲ್ಲಿ ಎಲೆಯ ಎರಡು ಪೊರೆಗಳ ನಡುವೆ ಸುರಂಗ ಕೊರೆದುಕೊಂಡು ಒಳಗೇ ತಿನ್ನುತ್ತದೆ, ಆಮೇಲೆ ಹೊರಬಂದು ಎಲೆಯ ಅಡಿಯನ್ನು ಕೆರೆಯುತ್ತದೆ. ನಾಲ್ಕು ಹಂತಗಳ ಬೆಳವಣಿಗೆ ಮುಗಿಸಿ ಎಲೆಯ ಮೇಲೆಯೇ ಜಾಳುಜಾಳಾದ ರೇಷ್ಮೆಗೂಡು ನೇಯ್ದು ಅದರೊಳಗೆ ಕೋಶವಾಗುತ್ತದೆ. ಸೆಕೆಯ ದಿನಗಳಲ್ಲಿ ಇಷ್ಟೆಲ್ಲ ಎರಡು ಮೂರು ವಾರಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಉಷ್ಣವಲಯದಲ್ಲಿ ಒಂದೇ ವರ್ಷಕ್ಕೆ ಇಪ್ಪತ್ತರ ಆಸುಪಾಸು ತಲೆಮಾರುಗಳು ಒಂದರ ಮೇಲೊಂದು ಬರುತ್ತವೆ, ಒಂದೇ ಗಿಡದಲ್ಲಿ ಎಲ್ಲ ವಯಸ್ಸಿನ ಹುಳುಗಳೂ ಒಟ್ಟಿಗೆ ಸಿಗುತ್ತವೆ. ಜೋರು ಮಳೆ ಮೊಟ್ಟೆಗಳನ್ನೂ ಎಳೆಯ ಹುಳುಗಳನ್ನೂ ತೊಳೆದು ಕೊಲ್ಲುತ್ತದೆ. ಒಣ ಹವೆಯಲ್ಲಿ ಇದರ ಕಾಟ ಹೆಚ್ಚಲು ಇದೂ ಒಂದು ಕಾರಣ.

ಇನ್ನು ಗಿಡಗಳ ಮಾತು. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಮೂಲಂಗಿ, ಟರ್ನಿಪ್, ಸಾಸಿವೆ – ಇವೆಲ್ಲ ಬ್ರಾಸಿಕೇಸೀ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಮತ್ತು ಈ ಪತಂಗ ಹೆಚ್ಚುಕಡಿಮೆ ಈ ಬಳಗಕ್ಕೇ ಅಂಟಿಕೊಂಡಿದೆ. ಈ ಅಂಟಿಗೆ ಕಾರಣ ಗಿಡದ ರಸಾಯನದಲ್ಲಿದೆ. ಈ ಗಿಡಗಳ ಜೀವಕೋಶಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ಸಂಯುಕ್ತಗಳಿರುತ್ತವೆ. ಇವುಗಳಲ್ಲಿ ನೂರಕ್ಕೂ ಮೀರಿದ ಬಗೆಗಳಿವೆ. ಅವುಗಳಷ್ಟಕ್ಕೆ ಅವು ಹೆಚ್ಚು ಅಪಾಯಕಾರಿಯಲ್ಲ. ಆದರೆ ಬೇರೆಯೇ ಜೀವಕೋಶಗಳಲ್ಲಿ ಮೈರೋಸಿನೇಸ್ ಎಂಬ ಕಿಣ್ವ ಕಾದು ಕುಳಿತಿರುತ್ತದೆ. ಎಲೆಯನ್ನೋ ಬೀಜವನ್ನೋ ಯಾರಾದರೂ ಅಗಿದಾಗ, ಜಜ್ಜಿದಾಗ ಎರಡೂ ಬೆರೆತು ಐಸೊಥಯೊಸಯನೇಟ್‌ಗಳು ಹುಟ್ಟುತ್ತವೆ. ಸಾಸಿವೆ ಅರೆದಾಗ ಮೂಗಿಗೆ ಅಡರುವ ಘಾಟು ಇವುಗಳದ್ದೇ. ಈ ಗಿಡಗಳಿಗೆ ಒಗ್ಗದ ಕೀಟಗಳ ಪಾಲಿಗೆ ಈ ಘಾಟು ವಿಷ.

ವಜ್ರಬೆನ್ನಿನ ಪತಂಗದ ಹುಳು ಈ ವಿಷವನ್ನು ಎದುರಿಸುವ ಕ್ರಮ ಬಹಳ ಚೊಕ್ಕದ್ದು. 2002ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಂತೆ, ಹುಳುವಿನ ಕರುಳಿನಲ್ಲಿ ಸಲ್ಫಟೇಸ್ ಎಂಬ ಕಿಣ್ವವೊಂದಿದ್ದು ಅದು ಗ್ಲುಕೋಸಿನೊಲೇಟ್ ಅಣುವಿನಿಂದ ಸಲ್ಫೇಟ್ ಭಾಗವನ್ನು ಕತ್ತರಿಸಿಬಿಡುತ್ತದೆ. ಆ ಭಾಗ ಕಳೆದುಕೊಂಡ ಅಣುವನ್ನು ಮೈರೋಸಿನೇಸ್ ಮುರಿಯಲಾರದು. ಹೀಗಾಗಿ ಘಾಟು ಹುಟ್ಟುವ ಮೊದಲೇ ಅದರ ಮೂಲಸಾಮಗ್ರಿ ಕೆಲಸಕ್ಕೆ ಬಾರದಾಗುತ್ತದೆ. ಇದೇ ಗಿಡಗಳನ್ನು ತಿನ್ನುವ ಬಿಳಿ ಎಲೆಕೋಸು ಚಿಟ್ಟೆಯ ಹುಳು ಹಿಡಿದಿರುವ ದಾರಿ ಬೇರೆ: ಅದು ಗ್ಲುಕೋಸಿನೊಲೇಟ್ ಒಡೆಯುವುದನ್ನು ತಡೆಯುವುದಿಲ್ಲ, ಒಡೆದಾಗ ಐಸೊಥಯೊಸಯನೇಟಿನ ಬದಲು ಅಷ್ಟು ಅಪಾಯವಿಲ್ಲದ ನೈಟ್ರೈಲ್‌ಗಳು ಉಂಟಾಗುವಂತೆ ಮಾಡುತ್ತದೆ. ಒಂದೇ ಎಲೆಯನ್ನು ಹಂಚಿಕೊಂಡು ತಿನ್ನುವ ಎರಡು ಕೀಟಗಳು ಒಂದೇ ತೊಡಕನ್ನು ಪರಸ್ಪರ ಸಂಬಂಧವಿಲ್ಲದ ಎರಡು ಬಗೆಗಳಲ್ಲಿ ಬಿಡಿಸಿಕೊಂಡಿವೆ. ಕೀಟ ಮತ್ತು ಸಸ್ಯಗಳ ಸಂಬಂಧ ಕುರಿತ ಪಾಠಗಳಲ್ಲಿ ಇದಕ್ಕೆ ಈಗ ಸಿಗುತ್ತಿರುವುದಕ್ಕಿಂತ ಹೆಚ್ಚಿನ ಜಾಗ ಸಿಗಬೇಕು ಎಂದು ನನಗೆ ಅನ್ನಿಸುತ್ತದೆ.

ವಿಷವನ್ನು ತಡೆದುಕೊಳ್ಳುವಲ್ಲಿಗೆ ಕತೆ ನಿಲ್ಲುವುದಿಲ್ಲ. ಇತರ ಕೀಟಗಳನ್ನು ಓಡಿಸಲು ಗಿಡ ಮಾಡಿಕೊಂಡ ಘಾಟು ಈ ಪತಂಗಕ್ಕೆ ಮನೆಯ ವಿಳಾಸವಾಗಿದೆ. ಮುಸ್ಸಂಜೆಯಲ್ಲಿ ಹಾರಾಡುವ ಹೆಣ್ಣು ಪತಂಗ ಗಾಳಿಯಲ್ಲಿ ತೇಲಿಬರುವ ಐಸೊಥಯೊಸಯನೇಟಿನ ಜಾಡು ಹಿಡಿದು ಗಿಡವನ್ನು ಹುಡುಕುತ್ತದೆ. ಅದರ ಮೀಸೆಗಳಲ್ಲಿ ಈ ವಾಸನೆಗೆಂದೇ ಮೀಸಲಾದ ಎರಡು ಗ್ರಾಹಕಗಳನ್ನು 2020ರಲ್ಲಿ ಗುರುತಿಸಲಾಯಿತು; ಅವೆರಡನ್ನೂ ಜೀನ್ ತಿದ್ದುಪಡಿಯಿಂದ ಕೆಡಿಸಿದಾಗ ಮೊಟ್ಟೆಯಿಡಲು ಈ ವಾಸನೆಯನ್ನು ಅರಸುವ ಗುಣವೇ ಪತಂಗಗಳಲ್ಲಿ ಉಳಿಯಲಿಲ್ಲ. ಎಲೆಯ ಮೇಲೆ ಇಳಿದ ಮೇಲೆ ಅದು ಕಾಲು ಮೀಸೆಗಳಿಂದ ಮುಟ್ಟಿ, ಮೇಲ್ಮೈಯಲ್ಲಿರುವ ಗ್ಲುಕೋಸಿನೊಲೇಟನ್ನೂ ಎಲೆಯ ಮೇಣವನ್ನೂ ಪರೀಕ್ಷಿಸಿದ ಬಳಿಕವೇ ಮೊಟ್ಟೆಯಿಡುತ್ತದೆ. ನುಗ್ಗೆ ಮತ್ತು ಪಪ್ಪಾಯದ ಗಿಡಗಳಲ್ಲೂ ಗ್ಲುಕೋಸಿನೊಲೇಟ್‌ಗಳಿವೆ, ಏಕೆಂದರೆ ಅವು ದೂರದ ನೆಂಟರು. ಆದರೂ ಅವು ಈ ಪತಂಗದ ಖಾಯಂ ನೆಲೆಗಳಾಗಿಲ್ಲ. ಘಾಟಿನ ಮೂಲವಸ್ತು ಇದ್ದಮಾತ್ರಕ್ಕೆ ಪ್ರತಿ ಗಿಡವೂ ಆಶ್ರಯವಾಗುವುದಿಲ್ಲ.

ಇದರಿಂದ ಹೊರಡುವ ಒಂದು ಮಾತು ಬೆಳೆಗಾರರಿಗೆ ಅಷ್ಟಾಗಿ ಹಿಡಿಸದಿರಬಹುದು. ಒಂದೇ ತಳಿಯ ಗಿಡವೂ ನಾವು ಕೊಡುವ ಗೊಬ್ಬರಕ್ಕೆ ತಕ್ಕಂತೆ ಈ ಪತಂಗಕ್ಕೆ ಬೇರೆ ಬೇರೆಯಾಗಿ ಕಾಣುತ್ತದೆ. ಗಂಧಕದ ಕೊರತೆಯಲ್ಲಿ ಬೆಳೆದ ಎಣ್ಣೆಸಾಸಿವೆ ಗಿಡಗಳ ಮೇಲೆ ಕಡಿಮೆ ಮೊಟ್ಟೆಗಳೂ, ಗಂಧಕ ಸಾಕಷ್ಟು ಸಿಕ್ಕ ಗಿಡಗಳ ಮೇಲೆ ಹೆಚ್ಚು ಮೊಟ್ಟೆಗಳೂ ಬಿದ್ದದ್ದು ಪ್ರಯೋಗಗಳಲ್ಲಿ ಕಂಡಿದೆ. ಗ್ಲುಕೋಸಿನೊಲೇಟ್ ತಯಾರಾಗಲು ಗಂಧಕ ಬೇಕೇ ಬೇಕು. ಸಾರಜನಕವನ್ನು ಧಾರಾಳವಾಗಿ ಉಂಡು ಸೊಂಪಾಗಿ ಬೆಳೆದ ಗಿಡಗಳೂ ಪತಂಗಕ್ಕೆ ಇಷ್ಟ. ಹಾಗೆಂದು ಗಿಡಗಳನ್ನು ಉಪವಾಸ ಕೆಡವುವುದು ಪರಿಹಾರವಲ್ಲ, ಆದರೆ ಗೊಬ್ಬರದ ಚೀಲ ಬಿಚ್ಚುವಾಗ ನಾವು ಗಿಡಕ್ಕಷ್ಟೇ ಉಣಿಸುತ್ತಿಲ್ಲ ಎಂಬುದು ನೆನಪಿರಬೇಕು. ಎಲೆಯ ಮೇಣದ ಪಾತ್ರವೂ ಗಮನಿಸತಕ್ಕದ್ದು. ಬೂದಿಬಣ್ಣದ ಮೇಣಲೇಪ ಕಡಿಮೆಯಿರುವ, ಹೊಳಪಿನ ಎಲೆಗಳ ಕೆಲವು ಎಲೆಕೋಸು ತಳಿಗಳ ಮೇಲೆ ಎಳೆಯ ಹುಳುಗಳು ಒಂದೆಡೆ ನಿಂತು ತಿನ್ನದೆ ಅಲೆದಾಡುತ್ತವೆ, ಅಲೆದಾಡಿ ಬಹುಪಾಲು ಸಾಯುತ್ತವೆ.

ತಾಯಿಯ ಆಯ್ಕೆಯೂ ಮರಿಯ ಹಿತವೂ ಒಂದೇ ಆಗಿರಬೇಕೆಂದೇನೂ ಇಲ್ಲ. ಬಾರ್ಬರಿಯಾ ವಲ್ಗ್ಯಾರಿಸ್ ಎಂಬ ಹಳದಿ ಹೂವಿನ ಕಾಡುಗಿಡ ಇದಕ್ಕೆ ಎದ್ದುಕಾಣುವ ನಿದರ್ಶನ. ಸಾಸಿವೆ ಬಳಗದ್ದೇ ಆದ ಈ ಗಿಡ ಯುರೋಪಿನಲ್ಲಿ ಸಹಜವಾಗಿ ಬೆಳೆಯುತ್ತದೆ, ಉತ್ತರ ಅಮೆರಿಕದಲ್ಲಿ ಕಳೆಯಾಗಿ ಹಬ್ಬಿದೆ. ಎಲೆಕೋಸು ಪಕ್ಕದಲ್ಲೇ ಇದ್ದರೂ ಹೆಣ್ಣು ಪತಂಗ ಇದನ್ನೇ ಹೆಚ್ಚಾಗಿ ಆರಿಸಿಕೊಂಡು ಮೊಟ್ಟೆಯಿಡುತ್ತದೆ. ಆದರೆ ಈ ಗಿಡದ ನುಣುಪೆಲೆಯ ಬಗೆಯಲ್ಲಿ ಗ್ಲುಕೋಸಿನೊಲೇಟಿನ ಜೊತೆಗೆ ಸ್ಯಾಪೊನಿನ್ ಎಂಬ ಕಹಿ ಸಂಯುಕ್ತಗಳೂ ಇವೆ; ಮೊಟ್ಟೆಯೊಡೆದ ಹುಳುಗಳು ಎಲೆಯನ್ನು ಸ್ವಲ್ಪ ರುಚಿ ನೋಡಿ ತಿನ್ನುವುದನ್ನು ಬಿಟ್ಟು ಸಾಯುತ್ತವೆ. ಇದೇ ಪ್ರಭೇದದ, ಎಲೆಯ ಮೇಲೆ ರೋಮಗಳಿರುವ ಇನ್ನೊಂದು ಬಗೆಯಲ್ಲಿ ಹುಳುಗಳು ಆರಾಮವಾಗಿ ಬೆಳೆಯುತ್ತವೆ. ತಾಯಿ ಹುಡುಕುವುದು ಘಾಟನ್ನು ಮಾತ್ರ. ಸ್ಯಾಪೊನಿನ್ನಿನ ಸುಳಿವು ಅದಕ್ಕೆ ಸಿಗುವುದಿಲ್ಲ. ಹಿಂದಿನಿಂದ ನಂಬಿ ಬಂದ ಗುರುತಿಗೆ ಗಿಡ ಹೊಸ ವಿಷವೊಂದನ್ನು ಕೂಡಿಸಿಕೊಂಡಿದೆ, ಪತಂಗದ ಮೂಗಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ನಿದರ್ಶನವೂ ಒಂದಿದೆ. ಕೆನ್ಯಾದ ನೈವಾಶಾ ಸರೋವರದ ಸುತ್ತಲ ಪ್ರದೇಶದಲ್ಲಿ 20ನೇ ಶತಮಾನದ ಕೊನೆಯ ಹೊತ್ತಿಗೆ ಈ ಪತಂಗದ ಹುಳುಗಳು ಬಟಾಣಿ ಹೊಲಗಳಲ್ಲಿ ಕಾಣಿಸಿಕೊಂಡವು. ಬಟಾಣಿ ದ್ವಿದಳ ಧಾನ್ಯ. ಸಾಸಿವೆ ಬಳಗಕ್ಕೆ ಯಾವ ರೀತಿಯಲ್ಲೂ ನೆಂಟನಲ್ಲ, ಅದರಲ್ಲಿ ಗ್ಲುಕೋಸಿನೊಲೇಟ್ ಇಲ್ಲ. ಎಲೆಕೋಸಿನಿಂದ ಹಿಡಿದು ತಂದ ಹುಳುಗಳನ್ನು ಬಟಾಣಿಯ ಮೇಲೆ ಬಿಟ್ಟರೆ ತೀರ ಕೆಲವೇ ಬದುಕುತ್ತವೆ. ಆ ಕೆಲವನ್ನೇ ತಲೆಮಾರಿನಿಂದ ತಲೆಮಾರಿಗೆ ಬಟಾಣಿಯ ಮೇಲೆ ಸಾಕುತ್ತ ಹೋದರೆ ಬದುಕುಳಿಯುವ ಪ್ರಮಾಣ ಬೇಗನೆ ಏರುತ್ತದೆ ಎಂದು ಪ್ರಯೋಗಗಳು ತೋರಿಸಿದವು. ಆಶ್ರಯ ಸಸ್ಯಗಳ ಪಟ್ಟಿಯನ್ನು ಒಮ್ಮೆ ಬರೆದಿಟ್ಟು ಮರೆಯುವ ಹಾಗಿಲ್ಲ.

ಈಗ ಕಣಜಗಳತ್ತ ಬರೋಣ. ಈ ಪತಂಗದ ಮೊಟ್ಟೆ, ಹುಳು, ಕೋಶಗಳ ಮೇಲೆ ಬೆಳೆಯುವ ಪರಾವಲಂಬಿ ಕೀಟಗಳು ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ದಾಖಲಾಗಿವೆ. ಇವುಗಳಲ್ಲಿ ಎರಡು ಮುಖ್ಯ: ತಂಪು ಹವೆಯ ಎತ್ತರದ ಪ್ರದೇಶಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಡಯಾಡೆಗ್ಮಾ ಸೆಮಿಕ್ಲಾಸಮ್, ಮತ್ತು ಬಿಸಿ ತಗ್ಗುಪ್ರದೇಶಗಳಿಗೆ ಒಗ್ಗಿದ ಕೊಟೇಸಿಯಾ ವೆಸ್ಟಾಲಿಸ್. ಡಯಾಡೆಗ್ಮಾವನ್ನು 1930ರ ದಶಕದಲ್ಲಿ ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೂ, ಅಲ್ಲಿಂದ 1950ರ ಸುಮಾರಿಗೆ ಇಂಡೊನೇಷ್ಯಾದ ಬೆಟ್ಟಪ್ರದೇಶಕ್ಕೂ ಒಯ್ದು ಬಿಡಲಾಯಿತು. ಎರಡೂ ಕಣಜಗಳು ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತವೆ, ಕಣಜದ ಮರಿ ಒಳಗಿನಿಂದಲೇ ತಿಂದು ಬೆಳೆಯುತ್ತದೆ.

ನೂಲಿಗೆ ಜೋತು ಬೀಳುವ ಹುಳುವಿನ ಉಪಾಯವನ್ನು ಈ ಎರಡು ಕಣಜಗಳು ಎದುರಿಸುವ ರೀತಿ ಬೇರೆ ಬೇರೆ. ಕಣಜ ಮುಟ್ಟಿದ ಕೂಡಲೇ ಹುಳು ಕೆಳಕ್ಕೆ ಜಾರಿದರೆ ಡಯಾಡೆಗ್ಮಾ ನೂಲಿನ ಹತ್ತಿರವೇ ಎಲೆಯ ಮೇಲೆ ಕಾಯುತ್ತ ನಿಲ್ಲುತ್ತದೆ. ಹುಳು ಮೇಲೇರಿ ಬರುತ್ತಲೇ ಮತ್ತೆ ಎರಗುತ್ತದೆ. ಕೊಟೇಸಿಯಾಕ್ಕೆ ಅಷ್ಟು ತಾಳ್ಮೆಯಿಲ್ಲ, ಅದು ಹುಳುವನ್ನು ಬೆನ್ನಟ್ಟಿಕೊಂಡು ನೆಲದವರೆಗೂ ಇಳಿಯುತ್ತದೆ.

ಈ ಬೇಟೆಯಲ್ಲಿ ಗಿಡವೂ ಪಾಲುದಾರ. ಹುಳು ಕಚ್ಚಿದ ಎಲೆಯಿಂದ ಹೊರಡುವ ವಾಸನೆಗಳ ಮಿಶ್ರಣ ಕಚ್ಚದ ಎಲೆಯದಕ್ಕಿಂತ ಬೇರೆಯಾಗಿರುತ್ತದೆ, ಕಣಜಗಳು ಆ ವ್ಯತ್ಯಾಸವನ್ನು ಗುರುತಿಸಿ ಬರುತ್ತವೆ. ಜಪಾನಿನ ಸಂಶೋಧಕರು ಈ ವಿಷಯದಲ್ಲಿ ನಡೆಸಿದ ಪ್ರಯೋಗಗಳು ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದವು. ವಜ್ರಬೆನ್ನಿನ ಪತಂಗದ ಹುಳುಗಳು ಮಾತ್ರ ಇರುವ ಗಿಡಕ್ಕೆ ಅದರ ಕಣಜ ಕೊಟೇಸಿಯಾ ಸುಲಭವಾಗಿ ಬರುತ್ತದೆ; ಅದೇ ಗಿಡದಲ್ಲಿ ಬಿಳಿ ಎಲೆಕೋಸು ಚಿಟ್ಟೆಯ ಹುಳುಗಳೂ ಸೇರಿಕೊಂಡರೆ ವಾಸನೆ ಕಲಸಿಹೋಗಿ ಆ ಗಿಡ ಈ ಕಣಜವನ್ನು ಅಷ್ಟಾಗಿ ಸೆಳೆಯುವುದಿಲ್ಲ. ಇದಕ್ಕೆ ಹೊಂದಿಕೊಂಡಂತೆ, ಹೆಣ್ಣು ಪತಂಗ ಖಾಲಿ ಗಿಡಕ್ಕಿಂತ ಬಿಳಿ ಚಿಟ್ಟೆಯ ಹುಳುಗಳು ಈಗಾಗಲೇ ಮೇಯುತ್ತಿರುವ ಗಿಡದ ಮೇಲೆ ಮೊಟ್ಟೆಯಿಡಲು ಹೆಚ್ಚು ಒಲವು ತೋರುತ್ತದೆ. ಮೇವಿಗೆ ಪೈಪೋಟಿಯಿರುವ ಗಿಡವನ್ನು ತಾಯಿ ಏಕೆ ಆರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕಣಜದಲ್ಲಿದೆ: ಅಲ್ಲಿ ಮೇವು ಕಡಿಮೆಯಾದರೂ ಕಣಜದ ಕಾಟವೂ ಕಡಿಮೆ. ಗಿಡ ಮತ್ತು ಪತಂಗ ಎರಡನ್ನಷ್ಟೇ ಬೋನಿನೊಳಗಿಟ್ಟು ಅಭ್ಯಾಸ ಮಾಡಿದ್ದರೆ ಈ ಆಯ್ಕೆ ಅರ್ಥವಿಲ್ಲದ್ದಾಗಿ ಕಾಣುತ್ತಿತ್ತು.

ಕಣಜಗಳಿಗೆ ಹುಳುಗಳಿದ್ದರೆ ಸಾಲದು, ಮಕರಂದವೂ ಬೇಕು. ಡಯಾಡೆಗ್ಮಾದಂಥ ಕಣಜ ಆಹಾರವಿಲ್ಲದೆ ಎರಡು ಮೂರು ದಿನಗಳಲ್ಲಿ ಸಾಯುತ್ತದೆ. ಮಕರಂದ ಸಿಕ್ಕರೆ ವಾರಗಟ್ಟಲೆ ಬದುಕಿ ಅನೇಕ ಪಟ್ಟು ಹೆಚ್ಚು ಹುಳುಗಳಲ್ಲಿ ಮೊಟ್ಟೆಯಿಡುತ್ತದೆ. ಎಲೆಕೋಸನ್ನು ಹೂಬಿಡುವ ಮುನ್ನವೇ ಕೊಯ್ಯುವುದರಿಂದ ಹೊಲದ ನಡುವೆ ಈ ಕಣಜಕ್ಕೆ ಉಣ್ಣಲು ಏನೂ ಇರುವುದಿಲ್ಲ. ಅಂಚಿನಲ್ಲಿ ಬೆಳೆದ ಕಾಡುಸಾಸಿವೆ, ಕಾಡುಮೂಲಂಗಿ ಮತ್ತಿತರ ಹೂಗಿಡಗಳೇ ಅದಕ್ಕೆ ಗತಿ. ಆದರೆ ಅದೇ ಕಾಡುಸಾಸಿವೆ ಬೆಳೆಯಿಲ್ಲದ ದಿನಗಳಲ್ಲಿ ಪತಂಗವನ್ನೂ ಸಾಕುತ್ತದೆ. ಶತ್ರುವಿಗೂ ಮಿತ್ರನಿಗೂ ಒಂದೇ ಗಿಡ ಅನ್ನವಿಡುವ ಈ ತೊಡಕು ಇಡೀ ವಿಷಯದ ತಿರುಳು.

ಪತಂಗ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ತೊಡಕನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ತಾನಾಗಿ ಹಾರುವಾಗ ಗಿಡಗಳ ಎತ್ತರದಲ್ಲೇ ಸುಳಿದಾಡುವ ಈ ಜೀವಿ ಮೇಲಿನ ಗಾಳಿಗೆ ಸಿಕ್ಕಿದರೆ ನೂರಾರು, ಸಾವಿರಾರು ಕಿಲೋಮೀಟರು ಸಾಗುತ್ತದೆ. ಕಟುಚಳಿಗಾಲವನ್ನು ದಾಟಲು ಬೇಕಾದ ದೀರ್ಘನಿದ್ರೆ ಇದಕ್ಕಿಲ್ಲ. ಆದ್ದರಿಂದ ಕೆನಡಾದಂಥ ದೇಶಗಳ ಹೊಲಗಳಿಗೆ ಪ್ರತಿ ವಸಂತದಲ್ಲೂ ದಕ್ಷಿಣದಿಂದ ಗಾಳಿಯ ಮೂಲಕ ಹೊಸದಾಗಿ ಬರಬೇಕಾಗುತ್ತದೆ. ಬ್ರಿಟನ್ನಿಗೆ 1958, 1996 ಮತ್ತು 2016ರಲ್ಲಿ ದೊಡ್ಡ ದಂಡುಗಳೇ ಬಂದಿದ್ದವು. ಆರ್ಕ್ಟಿಕ್ ಸಾಗರದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲೂ ಗಾಳಿಗೆ ಸಿಕ್ಕಿ ಬಂದ ಪತಂಗಗಳು ದೊರೆತಿವೆ. ಇದರ ಮೂಲನೆಲೆ ಮೆಡಿಟರೇನಿಯನ್ ಪ್ರದೇಶವೆಂದು ಬಹುಕಾಲ ನಂಬಲಾಗಿತ್ತು; ಕಾಡುಗಿಡಗಳ ಮತ್ತು ಪರಾವಲಂಬಿ ಕಣಜಗಳ ವೈವಿಧ್ಯವನ್ನು ನೋಡಿ ದಕ್ಷಿಣ ಆಫ್ರಿಕವೆಂದು ವಾದಿಸಿದವರೂ ಇದ್ದರು. ಐವತ್ತಕ್ಕೂ ಹೆಚ್ಚು ದೇಶಗಳಿಂದ ತಂದ ಪತಂಗಗಳ ಜೀನೋಮುಗಳನ್ನು ಹೋಲಿಸಿದ, 2020ರಲ್ಲಿ ಪ್ರಕಟವಾದ ಅಧ್ಯಯನ ಮಾತ್ರ ದಕ್ಷಿಣ ಅಮೆರಿಕದತ್ತ ಬೆರಳು ತೋರಿತು. ಕಳೆದ ಸುಮಾರು 500 ವರ್ಷಗಳಲ್ಲಿ ಅಲ್ಲಿಂದ ಹೊರಟು ಜಗತ್ತನ್ನೆಲ್ಲ ವ್ಯಾಪಿಸಿತು ಎಂಬುದು ಅದರ ತೀರ್ಮಾನ. ಕೋಸು ಮತ್ತು ಸಾಸಿವೆಗಳನ್ನು ಖಂಡದಿಂದ ಖಂಡಕ್ಕೆ ಒಯ್ದ ಮನುಷ್ಯರು ಹೋದಲ್ಲೆಲ್ಲ ಇದಕ್ಕೆ ಮೇವು ಹಾಸಿಟ್ಟಂತಾಯಿತು.

ಕೀಟನಾಶಕಗಳ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದರ ಫಲಿತಾಂಶ ಎಲ್ಲರಿಗೂ ಗೊತ್ತಿರುವಂಥದು. ಡಿಡಿಟಿಗೆ ಇದು ಜಗ್ಗದ ಸುದ್ದಿ 1950ರ ದಶಕದ ಆರಂಭದಲ್ಲೇ ಜಾವಾದಿಂದ ಬಂತು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ವಿಷಕ್ಕೆ ಹೊಲದಲ್ಲೇ ನಿರೋಧಕ ಶಕ್ತಿ ಬೆಳೆಸಿಕೊಂಡ ಮೊದಲ ಕೀಟವೂ ಇದೇ. ಹವಾಯಿಯಿಂದ ಬಂದ ಆ ವರದಿ 1990ರದ್ದು. ತಲೆಮಾರುಗಳು ವಾರಗಳಲ್ಲಿ ಉರುಳುವ ಜೀವಿಯಿಂದ ಇದನ್ನು ನಿರೀಕ್ಷಿಸಬೇಕಾದದ್ದೇ. ಸಿಂಪಡಣೆಯಿಂದ ಕಣಜಗಳೂ ಸಾಯುತ್ತವೆ, ಅವುಗಳ ಸಂಖ್ಯೆ ಚೇತರಿಸಿಕೊಳ್ಳುವುದು ಪತಂಗದಷ್ಟು ಬೇಗ ಆಗುವುದಿಲ್ಲ.

ಗಿಡಗಳ ಮೂಲಕವೇ ಪತಂಗವನ್ನು ಹತೋಟಿಗೆ ತರುವ ಪ್ರಯತ್ನಗಳಲ್ಲಿ ಬಲೆಬೆಳೆ ಮುಖ್ಯವಾದದ್ದು. ಎಲೆಕೋಸಿನ ಕೆಲವು ಸಾಲುಗಳಿಗೊಮ್ಮೆ ಸಾಸಿವೆಯ ಸಾಲು ಹಾಕಿದರೆ ಪತಂಗಗಳು ಸಾಸಿವೆಯನ್ನು ಮೆಚ್ಚಿ ಅಲ್ಲೇ ಹೆಚ್ಚು ಮೊಟ್ಟೆಯಿಡುತ್ತವೆ. ಆದರೆ ಸಾಸಿವೆಯಲ್ಲಿ ಹುಳುಗಳು ಚೆನ್ನಾಗಿಯೇ ಬೆಳೆಯುತ್ತವೆ. ಆ ಸಾಲನ್ನು ಕಣ್ಣಿಟ್ಟು ನೋಡಿಕೊಳ್ಳದಿದ್ದರೆ ಬಲೆಯೇ ತೊಟ್ಟಿಲಾಗುತ್ತದೆ. ನುಣುಪೆಲೆಯ ಬಾರ್ಬರಿಯಾದಲ್ಲಿ ಈ ಅಪಾಯ ಇಲ್ಲ, ಏಕೆಂದರೆ ಅಲ್ಲಿಟ್ಟ ಮೊಟ್ಟೆಗಳಿಂದ ಮುಂದಿನ ತಲೆಮಾರು ಏಳುವುದಿಲ್ಲ. ಆದರೂ ಅದಕ್ಕೆ ಒಗ್ಗುವ ಹವೆ ಬೇಕು, ಎಲೆಕೋಸಿಗಿಂತ ಮೊದಲೇ ಎಲೆ ಬಿಟ್ಟು ನಿಂತಿರಬೇಕು, ಸಾಲುಗಳ ನಡುವಿನ ಅಂತರ ಪತಂಗದ ಓಡಾಟಕ್ಕೆ ಹೊಂದಬೇಕು. ಇದರ ಜೊತೆಗೆ, ಬಟಾಣಿಯಲ್ಲಿ ಬದುಕಲು ಕಲಿತ ಕೀಟ ಸ್ಯಾಪೊನಿನ್ನನ್ನೂ ಒಂದು ದಿನ ಅರಗಿಸಿಕೊಂಡೀತು ಎಂಬ ಎಚ್ಚರವನ್ನು ನಾನಂತೂ ಬಿಡಲಾರೆ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಹೊಲದ ಅಂಚಿನ ಕಾಡುಸಾಸಿವೆಯನ್ನು ಕೀಳಬೇಕೋ ಬಿಡಬೇಕೋ ಎಂದು ನೇರವಾಗಿ ಕೇಳಿದರು. ಎಲ್ಲ ಕಡೆಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ, ಆದರೆ ನೋಡಬೇಕಾದ ಸಂಗತಿಗಳನ್ನು ಹೇಳಬಹುದು. ಸಾಸಿವೆ ಬಳಗಕ್ಕೆ ಸೇರದ ಹೂಗಿಡಗಳು ಅಂಚಿನಲ್ಲಿದ್ದರೆ ಅವನ್ನು ಮುಟ್ಟಬಾರದು. ಅವು ಕಣಜಕ್ಕೆ ಮಕರಂದ ಕೊಡುತ್ತವೆ, ಪತಂಗದ ಹುಳುವಿಗೆ ಮೇವಾಗುವುದಿಲ್ಲ. ಕಾಡುಸಾಸಿವೆ ಇದ್ದರೆ ಎಲೆಗಳನ್ನು ಮಗುಚಿ ಹುಳುಗಳನ್ನೂ ಕೋಶಗಳನ್ನೂ ನೋಡಬೇಕು. ಪತಂಗದ ಜಾಳುಗೂಡಿನೊಳಗೆ ದಟ್ಟವಾಗಿ ನೇಯ್ದ ಇನ್ನೊಂದು ಗೂಡು ಕಂಡರೆ ಅದು ಡಯಾಡೆಗ್ಮಾ ಕಣಜದ್ದು. ಎಲೆಗೆ ಅಂಟಿದ ಪುಟ್ಟ ಬಿಳಿ ಗೂಡುಗಳಾದರೆ ಕೊಟೇಸಿಯಾದವು. ಇಂಥವು ಸಾಕಷ್ಟಿದ್ದರೆ ಆ ಗಿಡಗಳು ಕಣಜಗಳನ್ನು ಬೆಳೆಸುತ್ತಿವೆ, ಅವನ್ನು ಉಳಿಸಿಕೊಳ್ಳುವುದು ಲೇಸು. ಇನ್ನು, ಕೊಯ್ಲಾದ ಮೇಲೆ ಹೊಲದಲ್ಲಿ ಹಾಗೇ ಬಿಟ್ಟ ಎಲೆಕೋಸಿನ ಬುಡಗಳು ಮತ್ತೆ ಚಿಗುರುತ್ತವೆ, ಆ ಚಿಗುರಿನಲ್ಲಿ ಪತಂಗ ಮುಂದಿನ ನಾಟಿಯವರೆಗೂ ಆರಾಮವಾಗಿ ಕಾಲ ಕಳೆಯುತ್ತದೆ. ಕುಡುಗೋಲು ಹಿಡಿದು ಅಂಚಿನ ಗಿಡಗಳತ್ತ ಹೊರಡುವ ಮುನ್ನ ಆ ಬುಡಗಳನ್ನು ಕಿತ್ತು ಮಣ್ಣಿನಲ್ಲಿ ಹೂಳುವ ಕೆಲಸ ಆಗಬೇಕು.